ಮೆತ್ತನೆಯ ಅಂಗಿ

ಮಳೆಗಾಲದಲ್ಲಿ ಹಿತ್ತಿಲ ಗೋಡೆ ಹತ್ತುವ ಬಸವನಹುಳುವನ್ನು ಒದ್ದೆ ಗಾಜಿನ ಮೇಲೆ ಬಿಟ್ಟು, ಕೆಳಗಿನಿಂದ ನೋಡಿ. ಪುಟ್ಟ ಬಾಯಿ ತೆರೆಯುತ್ತದೆ, ನಾಲಿಗೆಯಂಥದೊಂದು ಪಟ್ಟಿ ಹೊರಬಂದು ಗಾಜನ್ನು ಕೆರೆದು ಒಳಸೇರುತ್ತದೆ. ಆ ಪಟ್ಟಿಯ ಮೇಲೆ ಸಾವಿರಾರು ಹಲ್ಲು! ಮುಂದಿನ ಸಾಲು ಸವೆದಂತೆ ಹಿಂದಿನಿಂದ ಹೊಸದು ಬರುತ್ತಲೇ ಇರುತ್ತದೆ. ಕಡಲಬಂಡೆಗೆ ಅಂಟಿ ಬದುಕುವ ಇದರ ನಂಟ ಲಿಂಪೆಟ್‌ನ ಹಲ್ಲನ್ನು 2015ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಎಳೆದು ಪರೀಕ್ಷಿಸಿದರು. ಎಳೆತ ತಾಳುವುದರಲ್ಲಿ ಅದು ಜೇಡನ ನೂಲನ್ನೂ ಮೀರಿಸಿತು.

ಇಂಥ ಗಟ್ಟಿ ಹಲ್ಲಿನ ಜೀವಿಗೆ ನಮ್ಮ ಪಠ್ಯಪುಸ್ತಕ ಇಟ್ಟ ಹೆಸರು ಮೃದ್ವಂಗಿ, ಮೃದುವಾದ ಅಂಗವುಳ್ಳದ್ದು. ಲ್ಯಾಟಿನ್ ಹೆಸರಿನ ಬೇರಿಗೂ ಮೃದು ಎಂದೇ ಅರ್ಥ. ವಿಚಿತ್ರವೆಂದರೆ, ಜೀವಿಗಳನ್ನು ವರ್ಗೀಕರಿಸಿದ ಲಿನೇಯಸ್ 1758ರಲ್ಲಿ ಆ ಹೆಸರನ್ನು ಕೊಟ್ಟದ್ದು ಚಿಪ್ಪಿಲ್ಲದ ಮೆತ್ತನೆಯ ಜೀವಿಗಳಿಗೆ. ಚಿಪ್ಪಿನವನ್ನು ಬೇರೆಯೇ ಗುಂಪಿನಲ್ಲಿಟ್ಟಿದ್ದ. ಕನ್ನಡದ ಕಿವಿಗಂತೂ ಮೃದ್ವಂಗಿಯಲ್ಲಿ ತೊಡುವ ಅಂಗಿಯೇ ಕೇಳಿಸುತ್ತದೆ. ಅದೂ ಸುಳ್ಳಲ್ಲ. ಮೈಗೆ ಸುತ್ತಿಕೊಂಡ ಒಂದು ತೆಳ್ಳನೆಯ ಮಾಂಸದ ಪದರವೇ ಸುಣ್ಣದಂಶವನ್ನು ಒಸರಿಸಿ ಗಟ್ಟಿ ಚಿಪ್ಪನ್ನು ಕಟ್ಟುವುದು. ಮೆತ್ತನೆಯ ಅಂಗಿ ಕಲ್ಲಿನ ಮನೆ ಕಟ್ಟುತ್ತದೆ.

ಜಗತ್ತಿನ ಸಸ್ತನಿಗಳೆಲ್ಲ ಸೇರಿ ಏಳು ಸಾವಿರದ ಆಸುಪಾಸು ಪ್ರಭೇದ. ಮೃದ್ವಂಗಿಗಳು ಸುಮಾರು 85 ಸಾವಿರ. ಮರಳಿನ ಕಣದಷ್ಟೇ ಇರುವ ಬಸವನಹುಳುವೂ ಅದೇ ವಂಶ, 2007ರಲ್ಲಿ ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ಸಿಕ್ಕ 495 ಕಿಲೋ ತೂಕದ ದೈತ್ಯ ಸ್ಕ್ವಿಡ್ ಕೂಡ. ನಮ್ಮ ಕುಮಟಾದ ಅಘನಾಶಿನಿ ಅಳಿವೆಯಲ್ಲಿ ನೀರಿಳಿದಾಗ ಕೆಸರಿಗಿಳಿದು ಹೆಕ್ಕುವ ಬಳಚು ಎಂಬ ಕಪ್ಪೆಚಿಪ್ಪು ಕೂಡ.

ಸಾರಿಗೆ ಹಾಕುವ ಮುನ್ನ ಆ ಬಳಚಿನ ಬೆನ್ನು ಸವರಿ ನೋಡಿ, ಅಂಚಿಗೆ ಸಮಾನಾಂತರವಾಗಿ ಗೆರೆಗಳು ತಾಗುತ್ತವೆ. ಚಿಪ್ಪು ಬೆಳೆದ ಗುರುತು. ತಣ್ಣೀರಿನ ಕಪ್ಪೆಚಿಪ್ಪುಗಳಲ್ಲಿ ಇದು ವರ್ಷಕ್ಕೊಂದರಂತೆ ಲೆಕ್ಕ ಇಡುತ್ತದೆ. 2006ರಲ್ಲಿ ಐಸ್‌ಲೆಂಡ್ ಬಳಿ ಸಂಶೋಧಕರು ಕಡಲ ತಳದಿಂದ ಎತ್ತಿದ ಒಂದು ಚಿಪ್ಪು ಅಂಗೈಯಷ್ಟೇ ಇತ್ತು. ಮೊದಲು ಎಣಿಸಿದಾಗ ನಾನೂರರ ಮೇಲೆ ಕೆಲವು ವರ್ಷ. ಆದರೆ ಗೆರೆಗಳು ಒತ್ತೊತ್ತಾಗಿದ್ದು ಲೆಕ್ಕ ತಪ್ಪಿತ್ತು. 2013ರಲ್ಲಿ ಪ್ರಕಟವಾದ ಮರುಎಣಿಕೆಯಲ್ಲಿ 507! ಅಂದರೆ ಹುಟ್ಟಿದ್ದು 1499ರಲ್ಲಿ. ಕೃಷ್ಣದೇವರಾಯ ಪಟ್ಟವೇರಿದಾಗ ಅದಕ್ಕೆ ಹತ್ತು ವರ್ಷ. ತಾಳಿಕೋಟೆ ಕದನದ ಹೊತ್ತಿಗೆ 66. ಕನ್ನಡನಾಡು ಒಂದಾದ 1956ರಲ್ಲಿ 457. ಆಮೇಲೂ ಇನ್ನೈವತ್ತು ಗೆರೆ ಎಳೆಯಿತು.