ಗಿಲೀಟಿನ ಒಡವೆಯಲ್ಲಿ ಚಿನ್ನವೆಷ್ಟು?

ಹಿತ್ತಾಳೆಯ ಬಳೆಯೊಂದಕ್ಕೆ ಗಿಲೀಟು ಮಾಡಿಸಿ ಚಿನ್ನದ ಬಳೆಯ ಪಕ್ಕದಲ್ಲಿಟ್ಟರೆ ಭೇದವೇ ತೋರದು. ಇದು ಕಣ್ಣಿನ ದೋಷವಲ್ಲ. ಲೋಹದ ಬಣ್ಣವೂ ಹೊಳಪೂ ಅದರ ಮೇಲ್ಮೈಗೆ ಸೇರಿದ ಗುಣಗಳು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಆಳಕ್ಕೆ ಇಳಿಯುವುದರೊಳಗಾಗಿ ಬೆಳಕು ಚಿನ್ನದಲ್ಲಿ ಬಹುಮಟ್ಟಿಗೆ ಅಡಗಿಹೋಗುತ್ತದೆ. ಅಷ್ಟು ದಪ್ಪದ ಹೊದಿಕೆಯಿದ್ದರೆ, ಒಳಗಿರುವುದು ಯಾವ ಲೋಹವೆಂಬುದನ್ನು ಕಣ್ಣು ಅರಿಯಲಾರದು.

ಹಿಂದೆ ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಬಳಿದು, ಕಾಸಿ, ಪಾದರಸವನ್ನು ಆವಿಯಾಗಿಸುತ್ತಿದ್ದರು. ಆ ಆವಿ ಕೆಲಸಗಾರರ ನರಗಳನ್ನೇ ಕೆಡಿಸುತ್ತಿತ್ತು. ವೋಲ್ಟನ ವಿದ್ಯುತ್ಕೋಶ ಹುಟ್ಟಿದ ಐದೇ ವರ್ಷಗಳಲ್ಲಿ, ಎಂದರೆ 1805ರಲ್ಲಿ, ಇಟಲಿಯ ಬ್ರುನ್ಯಾಟೆಲ್ಲಿ ಎಂಬಾತನು ಬೆಳ್ಳಿಯ ಪದಕಗಳಿಗೆ ವಿದ್ಯುತ್ತಿನ ಮೂಲಕ ಚಿನ್ನದ ಲೇಪ ಕೊಟ್ಟನು. ಇಂದಿನ ಗಿಲೀಟಿಗೂ ಇದೇ ತತ್ತ್ವ: ಚಿನ್ನದ ಲವಣದ ದ್ರಾವಣದಲ್ಲಿ ಬಳೆಯನ್ನು ಮುಳುಗಿಸಿ ಋಣಧ್ರುವಕ್ಕೆ ಜೋಡಿಸುತ್ತಾರೆ. ಆ ಲವಣವು ಸಾಮಾನ್ಯವಾಗಿ ಸಯನೈಡು, ಘೋರ ವಿಷ. ನಮ್ಮ ವಿದ್ಯಾರ್ಥಿಗಳು ಮೈಲುತುತ್ತದ ದ್ರಾವಣದಿಂದ ತಾಮ್ರದ ಲೇಪನ ಮಾಡಿ ನೋಡಿದರೆ ಸಾಕು.

ಈಗ ಲೆಕ್ಕ. ಬಳೆಯ ಮೇಲ್ಮೈ 40 ಚದರ ಸೆಂಟಿಮೀಟರು, ಲೇಪದ ದಪ್ಪ ಅರ್ಧ ಮೈಕ್ರಾನು, ಎಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗ, ಎಂದಿಟ್ಟುಕೊಳ್ಳೋಣ. ಚಿನ್ನದ ಸಾಂದ್ರತೆ 19.3. ಗುಣಿಸಿದರೆ ಬರುವ ತೂಕ 0.04 ಗ್ರಾಮಿಗೂ ಕಡಮೆ! ಈ ದ್ರಾವಣದಲ್ಲಿ ಒಂದು ಆಂಪಿಯರು ಪ್ರವಾಹವು ಸೆಕೆಂಡಿಗೆ ಸುಮಾರು 2 ಮಿಲಿಗ್ರಾಂ ಚಿನ್ನವನ್ನು ಕೂರಿಸುವುದೆಂದು ಫ್ಯಾರಡೆಯ ನಿಯಮದಿಂದ ತಿಳಿಯುತ್ತದೆ. ಆದುದರಿಂದ 0.2 ಆಂಪಿಯರಿನಲ್ಲಿ ಎರಡು ನಿಮಿಷ ತುಂಬುವ ಮೊದಲೇ ಕೆಲಸ ಮುಗಿಯಬಹುದು. 'ಒಂದು ಗ್ರಾಂ ಚಿನ್ನ'ವೆಂಬ ಹೆಸರಿನ ಒಡವೆಗಳು ಅಂಗಡಿಗಳಲ್ಲಿ ಉಂಟಷ್ಟೆ. ಈ ಬಳೆಯ ಮೇಲೆ ನಿಜವಾಗಿ ಒಂದು ಗ್ರಾಂ ಚಿನ್ನ ಕೂರಬೇಕಾದರೆ ಲೇಪ 13 ಮೈಕ್ರಾನು ದಪ್ಪವಿರಬೇಕು. ಹೆಸರನ್ನು ನಂಬುವ ಮುನ್ನ ದಪ್ಪವನ್ನು ಕೇಳುವುದು ಲೇಸು.

ಇಷ್ಟು ತೆಳುವಾದ ಲೇಪ ಬಟ್ಟೆಯ ತಿಕ್ಕಾಟಕ್ಕೇ ಸವೆಯುತ್ತದೆ. ಮುಟ್ಟದೆ ಪೆಟ್ಟಿಗೆಯಲ್ಲಿಟ್ಟರೂ ಮಾಸುವುದುಂಟು. ಘನವಸ್ತುವಿನಲ್ಲಿಯೂ ಪರಮಾಣುಗಳು ಒಂದೇ ಎಡೆಯಲ್ಲಿ ನಿಂತಿರುವುದಿಲ್ಲ. ಒಳಗಿನ ತಾಮ್ರದ ಪರಮಾಣುಗಳು ಮೆಲ್ಲಮೆಲ್ಲನೆ ಚಿನ್ನವನ್ನು ಹಾಯ್ದು ಮೇಲೆ ಬಂದು, ಗಾಳಿಯೊಡನೆ ಕೂಡಿ ಕಪ್ಪಾಗುತ್ತವೆ. ಇದನ್ನು ತಡೆಯಲು ನಡುವೆ ನಿಕ್ಕಲಿನ ಪದರವನ್ನು ಕೊಡುವುದುಂಟು. ಆದರೆ ಚಿನ್ನ ಸವೆದು ನಿಕ್ಕಲು ಮೈಗೆ ತಗಲಿದಾಗ ಕೆಲವರ ಚರ್ಮದಲ್ಲಿ ತುರಿಕೆಯೇಳುತ್ತದೆ.

ಗಿಲೀಟನ್ನು ಗಿಲೀಟೆಂದೇ ಹೇಳಿ ಮಾರಿದರೆ ಮೋಸವೇನೂ ಇಲ್ಲ. ಚಿನ್ನವೆಂದು ಮಾರಿದರೆ? 20 ಗ್ರಾಂ ತೂಕದ ಬಳೆಯನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿರಿ. 22 ಕ್ಯಾರಟ್ಟಿನ ಚಿನ್ನವಾದರೆ ತೂಕ ಸುಮಾರು 1.1 ಗ್ರಾಂ ತಗ್ಗುವುದು. ಹಿತ್ತಾಳೆಯಾದರೆ ಎರಡು ಗ್ರಾಮಿಗೂ ಹೆಚ್ಚು. ಕಲ್ಲು ಕೂರಿಸಿದ ಅಥವಾ ಒಳಗೆ ಟೊಳ್ಳಾದ ಒಡವೆಗೆ ಈ ಪರೀಕ್ಷೆ ಸಲ್ಲದು. ಟಂಗ್‌ಸ್ಟನ್ನಿನ ಸಾಂದ್ರತೆಯೂ ಹೆಚ್ಚುಕಡಮೆ ಚಿನ್ನದಷ್ಟೇ ಆದುದರಿಂದ, ಅದನ್ನು ಒಳಗಿಟ್ಟ ಗಟ್ಟಿಯ ಮುಂದೆ ಆರ್ಕಿಮಿಡೀಸನೂ ಸೋಲುತ್ತಾನೆ. ಒರೆಗಲ್ಲು ಕೂಡ ಹಗುರವಾಗಿ ಉಜ್ಜಿದರೆ ಹೊದಿಕೆಯ ಗುಣವನ್ನಷ್ಟೇ ಹೇಳೀತು. ಅದಕ್ಕಾಗಿಯೇ ಅನುಭವಸ್ಥನಾದ ಅಕ್ಕಸಾಲಿಗನು ಮೊದಲು ಒಡವೆಯ ಮರೆಯಾದ ಮೂಲೆಯೊಂದನ್ನು ಅರದಿಂದ ಉಜ್ಜಿ, ಒಳಗಿನ ಲೋಹ ಕಂಡ ಮೇಲೆ ಕಲ್ಲಿಗೆ ಒರೆಹಚ್ಚುತ್ತಾನೆ.