ಕಡಲು ದಾಟಿ ಬಂದ ಬೈಸಿಕಲ್ಲು ಮರಳಿ ಕಡಲು ದಾಟುವಾಗ

ಹಳೆಯ ವಸ್ತುವಿನ ಬೆಲೆಯನ್ನು ನಿಶ್ಚಯಿಸುವವರು ಯಾರು? ಬೀದರ ಜಿಲ್ಲೆಯ ಕೊಡಂಬಲದಂತಹ ಊರಿನಲ್ಲಿ, ಪಡಸಾಲೆಯ ಮೂಲೆಗೆ ಒರಗಿ ನಿಂತ ಅಜ್ಜನ ಕಾಲದ ಇಂಗ್ಲಿಷ್ ಬೈಸಿಕಲ್ಲನ್ನು ಗುಜರಿಯವನು ತಕ್ಕಡಿಗೆ ಹಾಕಿ ಕಬ್ಬಿಣದ ದರಕ್ಕೆ ಕೇಳುತ್ತಾನೆ. ಅದರ ಕುಲಗೋತ್ರ ಬಲ್ಲ ಪರದೇಶದ ಸಂಗ್ರಾಹಕನೊಬ್ಬನು ಅದನ್ನೇ ಕಂಡರೆ ಗಂಟೆಯಿಂದ ಕ್ಯಾರಿಯರಿನವರೆಗೆ ಒಂದೊಂದು ಭಾಗದ ಚಿತ್ರವನ್ನೂ ತರಿಸಿಕೊಂಡು, ಬೇರೆಯೇ ಬೆಲೆಯನ್ನು ಹೇಳಿಯಾನು. ಆದರೆ ಈ ಎರಡು ಬೆಲೆಗಳ ನಡುವೆ ಒಂದು ಸಮುದ್ರವಿದೆ. ಅದನ್ನು ದಾಟಿಸುವ ಖರ್ಚು, ಕಾನೂನು ಮತ್ತು ಶ್ರಮವನ್ನು ಅರಿಯದೆ ಮಾರಲು ಹೊರಟವನಿಗೆ ಲಾಭಕ್ಕಿಂತ ತಲೆನೋವೇ ಹೆಚ್ಚು.

ಬಂದ ದಾರಿ

ಈ ಬೈಸಿಕಲ್ಲುಗಳು ಬಂದುದೂ ಸಮುದ್ರ ದಾಟಿಯೇ. ನಾಟಿಂಗ್‌ಹ್ಯಾಮಿನ ರ‍್ಯಾಲೆ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಮತ್ತು ಹರ್ಕ್ಯುಲಿಸ್ ನಮ್ಮ ಹಿರಿಯರ ಬಾಯಲ್ಲಿ ಮನೆಮಾತಾಗಿದ್ದ ಹೆಸರುಗಳು. ಬಿ.ಎಸ್.ಎ. ಕಂಪನಿಯು 1861ರಲ್ಲಿ ಬಂದೂಕು ತಯಾರಿಸುವ ಸಂಸ್ಥೆಯಾಗಿ ಹುಟ್ಟಿತು. ಅದರ ಲಾಂಛನದಲ್ಲಿ ಒಂದಕ್ಕೊಂದು ಆತು ನಿಂತ ಮೂರು ಬಂದೂಕುಗಳಿರುವುದು ಇದೇ ಕಾರಣದಿಂದ. ರ‍್ಯಾಲೆಯ ಲಾಂಛನದಲ್ಲಿ ಬಕಪಕ್ಷಿಯ ತಲೆಯಿದೆ.

ಕೊಡಂಬಲವಿದ್ದ ಹುಮನಾಬಾದಿನ ಸೀಮೆ ಅಂದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನಕ್ಕೆ ‘ಕರೋಡ್‌ಗಿರಿ’ ಎಂಬ ತನ್ನದೇ ಆದ ಸುಂಕದ ಇಲಾಖೆಯಿತ್ತು. ಆದುದರಿಂದ ಮುಂಬಯಿಯಲ್ಲಿ ಇಳಿದ ಪರದೇಶದ ಸರಕು ಬಂದರಿನ ಸುಂಕವನ್ನು ತೆತ್ತಮೇಲೆ ಸಂಸ್ಥಾನದ ಗಡಿಯಲ್ಲಿಯೂ ಸುಂಕಕ್ಕೆ ಗುರಿಯಾಗುತ್ತಿತ್ತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಬೀದರವು ಮೈಸೂರು ರಾಜ್ಯವನ್ನು ಸೇರಿತು. ಅಷ್ಟರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್, ಬಂಗಾಳದ ಆಸನ್ಸೋಲಿನ ಸೆನ್-ರ‍್ಯಾಲೆ ಮುಂತಾದ ಕಾರ್ಖಾನೆಗಳು ಅದೇ ಮಾದರಿಯ ಗಾಡಿಗಳನ್ನು ಇಲ್ಲಿಯೇ ತಯಾರಿಸತೊಡಗಿದವು. ಹೀಗಾಗಿ ಹೆಸರು ಇಂಗ್ಲಿಷಾದ ಮಾತ್ರಕ್ಕೆ ಬೈಸಿಕಲ್ಲೂ ಇಂಗ್ಲೆಂಡಿನದೆಂದು ನಂಬಬಾರದು. ಮಾರುವವನು ಮೊದಲು ಮಾಡಬೇಕಾದ ಕೆಲಸವೇ ಈ ಶೋಧನೆ. ಫ್ರೇಮಿನ ಮೇಲಿನ ಸಂಖ್ಯೆ, ತಲೆಯ ಲಾಂಛನ, ಸೀಟಿನ ಚರ್ಮದ ಮೇಲಿನ ಅಚ್ಚು ಇವೆಲ್ಲ ಸಾಕ್ಷಿ ನುಡಿಯುತ್ತವೆ. ಸ್ಟರ್ಮಿ-ಆರ್ಚರ್ ಗೇರಿನ ಹಬ್ಬು ಇದ್ದರಂತೂ ಅದು ತಯಾರಾದ ವರ್ಷವನ್ನು ಹಬ್ಬಿನ ಮೇಲೆಯೇ ಒತ್ತಿರುವುದುಂಟು.

ನೂರು ವರ್ಷದ ಗೆರೆ

ವಯಸ್ಸು ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದು ಹಿಗ್ಗುವವರು ಒಂದು ಕಾನೂನನ್ನು ನೆನಪಿನಲ್ಲಿಡಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ, ಗತಕಾಲದ ವಿಜ್ಞಾನ, ಕಲೆ, ಕುಶಲಕರ್ಮಗಳನ್ನು ತೋರುವ ನೂರು ವರ್ಷಕ್ಕೆ ಕಡಮೆಯಿಲ್ಲದ ವಸ್ತು ಪುರಾವಸ್ತುವೆನಿಸಬಹುದು. ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಬೈಸಿಕಲ್ಲಿನ ವಯಸ್ಸು ಆ ಗೆರೆಯ ಸಮೀಪವಿದ್ದರೆ, ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯುವುದು ಕ್ಷೇಮ.

ಬಿಚ್ಚುವ ಜಾಣ್ಮೆ

ಮುಂದಿನದು ಸೈಕಲ್ ಅಂಗಡಿಯ ಕೆಲಸ. ಪೆಡಲುಗಳನ್ನು ಬಿಚ್ಚುವಾಗ ಬಲಗಡೆಯದು ಎಂದಿನಂತೆ ತಿರುಗುತ್ತದೆ. ಎಡಗಡೆಯದರ ಮರೆ ವಿರುದ್ಧವಾದುದು. ಇದನ್ನರಿಯದೆ ಬಲಪ್ರಯೋಗ ಮಾಡಿದರೆ ಐವತ್ತು ವರ್ಷ ಬಾಳಿದ ಮರೆ ಐದು ನಿಮಿಷದಲ್ಲಿ ಕೆಡುತ್ತದೆ. ಮುಂದಿನ ಗಾಲಿಯನ್ನು ತೆಗೆದಮೇಲೆ ಫೋರ್ಕಿನ ಎರಡು ತುದಿಗಳ ನಡುವೆ ಮರದ ತುಂಡೊಂದನ್ನು ಬಿಗಿಯಬೇಕು. ಇಲ್ಲದಿದ್ದರೆ ದಾರಿಯ ಭಾರಕ್ಕೆ ಅವು ಒಳಕ್ಕೆ ಬಾಗುತ್ತವೆ. ಸರಳಿನ ಬ್ರೇಕುಗಳನ್ನು ಬಟ್ಟೆಯಲ್ಲಿ ಸುತ್ತಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮಣ್ಣು. ಹುಮನಾಬಾದಿನ ಸುತ್ತಣ ಕೆಮ್ಮಣ್ಣು ಮಡ್‌ಗಾರ್ಡಿನ ಒಳಮೈಯಲ್ಲಿ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ. ಆ ಮಣ್ಣಿನೊಡನೆ ಬೀಜ, ಕೀಟ, ರೋಗಗಳೂ ಬಂದಾವೆಂಬ ಭಯದಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಅಧಿಕಾರಿಗಳು ಬಳಸಿದ ಬೈಸಿಕಲ್ಲನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಾರೆ. ಮರದ ಪೆಟ್ಟಿಗೆಗೂ ನಿಯಮವಿದೆ: ಅದರ ಹಲಗೆಯನ್ನು ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷವಿಟ್ಟು, ಅಥವಾ ಅಂಗೀಕೃತವಾದ ಬೇರೆ ವಿಧಾನದಿಂದ ಸಂಸ್ಕರಿಸಿ, ಅಂತರರಾಷ್ಟ್ರೀಯ ಮುದ್ರೆಯೊತ್ತಿರಬೇಕು. ಒಬ್ಬಂಟಿ ಬೈಸಿಕಲ್ಲಿಗೆ ಗಟ್ಟಿಯಾದ ರಟ್ಟಿನ ಪೆಟ್ಟಿಗೆಯೇ ಸುಲಭ.

ಗಾಳಿಗೂ ಬಾಡಿಗೆ

ಸಾಗಣೆಯ ಲೆಕ್ಕವು ಹೊಸಬರನ್ನು ಬೆರಗುಗೊಳಿಸುತ್ತದೆ. ವಿಮಾನದ ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಅಂಕವು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ ಕೇಳುತ್ತಾರೆ. 140, 80, 20 ಸೆಂಟಿಮೀಟರುಗಳ ಪೆಟ್ಟಿಗೆಗೆ ಈ ಲೆಕ್ಕದಂತೆ ಸುಮಾರು 45 ಕಿಲೋ ಆಗುತ್ತದೆ. ಒಳಗಿನ ಬೈಸಿಕಲ್ಲು 20 ಕಿಲೋ ಇದ್ದರೆ, ಉಳಿದ 25 ಕಿಲೋ ಬರಿಯ ಗಾಳಿಗೆ ಕೊಟ್ಟ ಬಾಡಿಗೆ! ಗಾಲಿಗಳನ್ನು ಬೇರ್ಪಡಿಸಿ ಪೆಟ್ಟಿಗೆಯನ್ನು ಕಿರಿದಾಗಿಸಿದಷ್ಟೂ ಹಣ ಉಳಿಯುತ್ತದೆ.

ಹಡಗಿನ ದಾರಿ ನಿಧಾನ, ಆದರೆ ಅಗ್ಗ. ಹುಮನಾಬಾದು ಪುಣೆ–ಹೈದರಾಬಾದು ಹೆದ್ದಾರಿಯ ಮೇಲಿರುವುದು ಇಲ್ಲಿ ಅನುಕೂಲ. ಪೂರ್ವಕ್ಕೆ ಹೋದರೆ ಹೈದರಾಬಾದಿನ ಸನತ್‌ನಗರದ ಕಂಟೇನರ್ ಡಿಪೊ, ಪಶ್ಚಿಮಕ್ಕೆ ಹೋದರೆ 1989ರಲ್ಲಿ ಆರಂಭವಾದ ಮುಂಬಯಿಯ ನ್ಹಾವಾ ಶೇವಾ ಬಂದರು. ಒಂದು ಪೆಟ್ಟಿಗೆಗಾಗಿ ಇಡೀ ಕಂಟೇನರನ್ನು ಹಿಡಿಯಬೇಕಿಲ್ಲ. ಹಲವರ ಸರಕನ್ನು ಕೂಡಿಸಿ ಕಳಿಸುವ ಏಜೆಂಟರಿದ್ದಾರೆ. ವ್ಯಾಪಾರವಾದ ಕಾರಣ ರಫ್ತಿನ ಸಂಕೇತಸಂಖ್ಯೆ ಬೇಕು. ಬಿಲ್ಲು, ಸರಕಿನ ಪಟ್ಟಿ, ಸುಂಕದ ಕಾಗದಗಳು ಬೇಕು. ಬೈಸಿಕಲ್ಲಿಗೆ ಅಂತರರಾಷ್ಟ್ರೀಯ ಸರಕುಪಟ್ಟಿಯಲ್ಲಿ 8712 ಎಂಬ ಸಂಖ್ಯೆಯಿದೆ. ಕೊಳ್ಳುವವನು ತನ್ನ ದೇಶದ ಸುಂಕವನ್ನು ತಪ್ಪಿಸಿಕೊಳ್ಳಲು ‘ಉಡುಗೊರೆಯೆಂದು ಬರೆಯಿರಿ’ ಎಂದರೆ ಒಪ್ಪಬಾರದು. ಸುಳ್ಳು ಬರೆದು ರುಜು ಹಾಕುವವನು ಮಾರುವವನೇ.

ಹಣದ ಎಚ್ಚರ

ದೂರದ ವ್ಯಾಪಾರದಲ್ಲಿ ಹಳೆಯದೊಂದು ವಂಚನೆಯಿದೆ. ಕೊಳ್ಳುವವನೆಂದು ಹೇಳಿಕೊಂಡವನು ಒಪ್ಪಿದ ಬೆಲೆಗಿಂತ ಹೆಚ್ಚಿನ ಮೊತ್ತದ ಚೆಕ್ಕನ್ನು ಕಳುಹಿಸಿ, ಮಿಕ್ಕುದನ್ನು ‘ಸಾಗಣೆಯ ಏಜೆಂಟನಿಗೆ’ ಕೊಡಿರೆಂದು ಅವಸರಪಡಿಸುತ್ತಾನೆ. ಕೆಲವು ದಿನಗಳಲ್ಲಿ ಚೆಕ್ಕು ಖೋಟಾ ಎಂದು ತಿಳಿಯುತ್ತದೆ. ಕೊಟ್ಟ ಹಣವೂ ಹೋಗುತ್ತದೆ, ಏಜೆಂಟನೂ ಮಾಯವಾಗುತ್ತಾನೆ. ಹಣವು ಬ್ಯಾಂಕಿನ ಮೂಲಕ ಪೂರ್ತಿಯಾಗಿ ಸಂದಿದೆಯೆಂದು ಬ್ಯಾಂಕಿನಿಂದಲೇ ಖಚಿತಪಡಿಸಿಕೊಂಡಮೇಲೆ ಪೆಟ್ಟಿಗೆಯನ್ನು ಹೊರಡಿಸುವುದು ವಿವೇಕ. ವಿಮೆಯನ್ನೂ ಮರೆಯಬಾರದು.

ಕೊನೆಯ ಲೆಕ್ಕ

ಜಗತ್ತಿನಲ್ಲಿ ಬಳಸಿದ ಬೈಸಿಕಲ್ಲುಗಳು ನೂರುಗಟ್ಟಲೆಯಾಗಿ ಕಂಟೇನರು ತುಂಬಿ ಹೋಗುವುದೂ ಉಂಟು. 1991ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರಂಭವಾದ ‘ಪೆಡಲ್ಸ್ ಫಾರ್ ಪ್ರೋಗ್ರೆಸ್’ ಎಂಬ ಸಂಸ್ಥೆ, ಅಲ್ಲಿ ಮೂಲೆಗೆ ಬಿದ್ದ ಗಾಡಿಗಳನ್ನು ಕೂಡಿಸಿ ಬಡ ದೇಶಗಳಿಗೆ ಕಳುಹಿಸಿತು. ಅಲ್ಲಿ ಬೈಸಿಕಲ್ಲೆಂದರೆ ಕೆಲಸಕ್ಕೆ, ಶಾಲೆಗೆ ಹೋಗುವ ಸಾಧನ. ಎಷ್ಟು ಓಡೀತೆಂಬುದರ ಮೇಲೆ ಅದರ ಬೆಲೆ. ಕೊಡಂಬಲದಿಂದ ಒಂಟಿಯಾಗಿ ಹೊರಡುವ ಬೈಸಿಕಲ್ಲಿನ ಬೆಲೆ ಅದರ ಚರಿತ್ರೆಯಲ್ಲಿದೆ. ಬದಲಾಯಿಸಿದ ಗಾಲಿ, ಬೆಸೆದ ಫ್ರೇಮು, ಮೇಲೆ ಬಳಿದ ಬಣ್ಣ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದು ತಿಳಿಸಿದರೆ ಮಾತ್ರ ಆ ಬೆಲೆ ನಿಲ್ಲುತ್ತದೆ.

ಇಷ್ಟಾದ ಮೇಲೆ ಸಾಗಣೆ, ಕಾಗದಪತ್ರ, ಪೆಟ್ಟಿಗೆ, ವಿಮೆಗಳನ್ನು ಕಳೆದು ಉಳಿಯುವುದೆಷ್ಟೆಂದು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಬೇಕು. ಉಳಿತಾಯ ಅಲ್ಪವಾದರೆ ಇನ್ನೊಂದು ಮಾತನ್ನೂ ಗಮನಿಸುವುದು ಯುಕ್ತ: ಪಶ್ಚಿಮದಲ್ಲಿ ಹುಡುಕಿ ತರಬೇಕಾದ 28 ಅಂಗುಲದ ಟೈರು, ಸರಳಿನ ಬ್ರೇಕಿನ ಬಿಡಿಭಾಗಗಳು ನಮ್ಮ ದೇಶದಲ್ಲಿ ಇಂದಿಗೂ ಸುಲಭವಾಗಿ ದೊರೆಯುತ್ತವೆ. ಚೈನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಹೊಸ ಟೈರು ತೊಡಿಸಿದರೆ, ಅಜ್ಜನನ್ನು ಹೊತ್ತ ಗಾಡಿ ಮೊಮ್ಮಗಳನ್ನೂ ಹೊತ್ತೀತು. ಮಾರುವುದು ತಪ್ಪಲ್ಲ, ಏನನ್ನು ಮಾರುತ್ತಿದ್ದೇವೆಂದು ಅರಿಯದೆ ಮಾರುವುದು ನಷ್ಟ.