ದುಡಿಮೆಯ ಗಂಟೆಗಳೂ ಮನೆಯ ಕನ್ನಡವೂ

ಹೊಸೂರು ಭಾಗದ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಪೋಷಕರ ಸಭೆ ಕರೆದರೆ ಬರುವವರು ಹೆಚ್ಚಾಗಿ ಅಜ್ಜ ಅಜ್ಜಿಯರು. ತಂದೆ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿಯೋ ಗಡಿಯಾಚೆಯ ಬೊಮ್ಮಸಂದ್ರದಲ್ಲಿಯೋ ಪಾಳಿಯಲ್ಲಿರುತ್ತಾರೆ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಮನೆಯಲ್ಲಿ ಪಾಠ ಓದಿಸುವವರು ಯಾರೆಂದು ನಾಲ್ಕನೆಯ ತರಗತಿಯ ಬಾಲಕನೊಬ್ಬನನ್ನು ಕೇಳಿದೆ. "ಅಪ್ಪ ಓದಿಸ್ತಾರೆ ಸರ್, ಭಾನುವಾರ ಓಟಿ ಇಲ್ದಿದ್ರೆ" ಎಂದ. ದುಡಿಮೆಯ ಅವಧಿಯ ಕಾನೂನು ಏನು ಹೇಳುತ್ತದೆಂಬುದನ್ನು ಪೋಷಕರ ಮುಂದಿಡಬೇಕೆಂದು ಅಂದೇ ಅನ್ನಿಸಿತು.

ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಲೆಕ್ಕ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ. ಡಾ. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, 1946ರ ತಿದ್ದುಪಡಿಯಿಂದ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. 1948ರ ಕಾರ್ಖಾನೆ ಕಾಯಿದೆ ಅದನ್ನು ಉಳಿಸಿಕೊಂಡು, ದಿನಕ್ಕೆ ಒಂಬತ್ತು ಗಂಟೆಯ ಮಿತಿಯನ್ನೂ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆಯ ವಿರಾಮವನ್ನೂ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿಯನ್ನೂ ವಿಧಿಸಿತು.

2023ರ ಏಪ್ರಿಲ್ 21ರಂದು ತಮಿಳುನಾಡು ವಿಧಾನಸಭೆ ಒಂದು ತಿದ್ದುಪಡಿಯನ್ನು ಅಂಗೀಕರಿಸಿತು. ಸರಕಾರ ಇಚ್ಛಿಸಿದ ಕಾರ್ಖಾನೆಗಳಿಗೆ ಈ ಮಿತಿಗಳಿಂದ ವಿನಾಯಿತಿ ಕೊಟ್ಟು ದಿನಕ್ಕೆ 12 ಗಂಟೆ ದುಡಿಸಲು ಅದು ಅವಕಾಶ ಮಾಡುತ್ತಿತ್ತು. ಆಳುವ ಪಕ್ಷದ ಮಿತ್ರಪಕ್ಷಗಳೇ ಸಭಾತ್ಯಾಗ ಮಾಡಿದವು. ಮೂರು ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಮೇ ದಿನದಂದು ಮುಖ್ಯಮಂತ್ರಿಗಳು ಹಿಂಪಡೆದುದನ್ನು ಪ್ರಕಟಿಸಿದರು. ಆದರೆ ಅದೇ ವರ್ಷದ ಆರಂಭದಲ್ಲಿ ಕರ್ನಾಟಕ ತಂದ ತಿದ್ದುಪಡಿ ಹಾಗೆ ಹಿಂದಕ್ಕೆ ಹೋಗಲಿಲ್ಲ. ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ ಅಲ್ಲಿ ದಿನಕ್ಕೆ 12 ಗಂಟೆ ದುಡಿಸಬಹುದೆಂದಾಯಿತು; ಮೂರು ತಿಂಗಳ ಓಟಿ ಮಿತಿ 75 ಗಂಟೆಯಿಂದ 144ಕ್ಕೆ ಏರಿತು. ನಮ್ಮ ಒಂದೇ ಬೀದಿಯಲ್ಲಿ ಎದುರುಬದುರಾಗಿ ವಾಸಿಸುವ ಇಬ್ಬರು ತಂದೆಯರಿಗೆ, ಅತ್ತಿಬೆಲೆ ದಾಟುವವನಿಗೊಂದು, ದಾಟದವನಿಗೆ ಇನ್ನೊಂದು ನಿಯಮ!

ನಾಲ್ಕು ದಿನ ದುಡಿದು ಮೂರು ದಿನ ರಜೆ ಪಡೆಯಬಹುದಲ್ಲ ಎಂಬ ವಾದವಿದೆ. ಕಾಗದದ ಮೇಲೆ ಅದು ಸರಿಯೇ. ಕೆಲವರಿಗೆ ಹಿತವೂ ಆದೀತು. ಆದರೆ 12 ಗಂಟೆಗೆ ಊಟದ ವಿರಾಮ ಸೇರಿಸಿ, ಕಂಪನಿ ಬಸ್ಸಿಗೆ ಹೋಗಲು ಬರಲು ಒಂದೊಂದು ಗಂಟೆ ಸೇರಿಸಿ, ಹದಿನಾಲ್ಕೂವರೆ ಗಂಟೆಯಾಯಿತು. ಬೆಳಿಗ್ಗೆ ಆರಕ್ಕೆ ಹೊರಟವರು ಮರಳುವಾಗ ರಾತ್ರಿ ಎಂಟೂವರೆ. ಅನಂತರ ಅಡುಗೆ, ಪಾತ್ರೆ, ಮರುದಿನದ ಬುತ್ತಿ. ಅದು ತಾಯಂದಿರ ಎರಡನೆಯ ಪಾಳಿ. ಅದಕ್ಕೆ ಯಾವ ಕಾಯಿದೆಯಲ್ಲಿಯೂ ಮಿತಿಯಿಲ್ಲ. ಇನ್ನು ಮೂರು ದಿನದ ರಜೆಯನ್ನು ಓಟಿ ನುಂಗದೆ ಬಿಟ್ಟೀತೆ? ಸಾಲದ ಕಂತು ಕಟ್ಟಬೇಕಾದವರು ಓಟಿಯನ್ನು ತಾವಾಗಿಯೇ ಬೇಡುತ್ತಾರೆ. ಅವರನ್ನು ನಾನು ದೂರಲಾರೆ. ಎಂಟು ಗಂಟೆಯ ಕೂಲಿಯಲ್ಲಿ ಸಂಸಾರ ನಡೆಯದಿದ್ದರೆ ಎಂಟು ಗಂಟೆಯ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ.

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ನಷ್ಟವಿದೆ. 2006ರ ಕಾಯಿದೆಯಿಂದ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು. ಬೀದಿಯ ಮಾತು ತಮಿಳು ಅಥವಾ ತೆಲುಗು, ಮೊಬೈಲಿನದು ಇಂಗ್ಲಿಷು. ಶಾಲೆಯ ಹೊರಗೆ ಮಗುವಿಗೆ ಕನ್ನಡ ಕೇಳಿಸುವುದು ಸಂಜೆ ಆರರಿಂದ ಒಂಬತ್ತರೊಳಗೆ, ಮನೆಯ ಜಗುಲಿಯಲ್ಲಿ. ಆ ಮೂರು ಗಂಟೆಯಲ್ಲಿ ತಂದೆತಾಯಿ ಇಲ್ಲದಿದ್ದರೆ ಶಾಲೆಯೊಂದೇ ಆ ಭಾಷೆಯನ್ನು ಹೊತ್ತು ನಿಲ್ಲಲಾರದು. ಕನ್ನಡ ಶಾಲೆ ಉಳಿಸಿ ಎಂದು ಮನವಿಪತ್ರ ಕೊಡುವ ನಾವು ಕೆಲಸದ ಅವಧಿಯ ಮಾತನ್ನು ಅದರಲ್ಲಿ ಎಂದೂ ಸೇರಿಸಿಲ್ಲ. ಅದು ನಮ್ಮದೇ ತಪ್ಪು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ದಿನಕ್ಕೆ ಎಂಟು ಗಂಟೆ ಎಂಬುದು ಅವುಗಳಲ್ಲಿಯೂ ಇದೆ. ಓಟಿಗೆ ಕಾರ್ಮಿಕನ ಒಪ್ಪಿಗೆ ಬೇಕು, ಕೂಲಿ ಎರಡು ಪಟ್ಟು. ವರ್ಷದಲ್ಲಿ 240 ದಿನ ದುಡಿದವರಿಗೆ ಸಿಗುತ್ತಿದ್ದ ಸಂಬಳ ಸಹಿತ ರಜೆ ಈಗ 180 ದಿನ ದುಡಿದವರಿಗೂ ಉಂಟು. ಪ್ರತಿ 20 ದಿನಕ್ಕೆ ಒಂದು ದಿನ. ನೇಮಕಾತಿ ಪತ್ರ ಕಡ್ಡಾಯ. ಗುತ್ತಿಗೆಯಲ್ಲಿರುವವರು ಮೊದಲು ಆ ಪತ್ರವನ್ನೇ ಕೇಳಿ ಪಡೆಯಬೇಕು. ತಮಿಳಿನ ಒಪ್ಪಿಗೆಪತ್ರವನ್ನು ಓದಲು ಬಾರದಿದ್ದರೆ ರುಜು ಹಾಕುವ ಮೊದಲು ಮನೆಗೆ ತನ್ನಿ. ಏಳನೆಯ ತರಗತಿಯ ನಿಮ್ಮ ಮಗಳೇ ಓದಿ ಹೇಳಬಲ್ಲಳು.

ನಮ್ಮ ಶಾಲೆಯ ಸಭೆಯನ್ನು ಈಗ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬದಲಾಯಿಸಿದ್ದೇವೆ. ಮೊದಲ ಸಲ 11 ಮಂದಿ ತಂದೆಯರು ಬಂದರು. ಅವರಲ್ಲಿ ಇಬ್ಬರು ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರದಲ್ಲಿಯೇ ನೇರವಾಗಿ ಬಂದವರು.